ಕೇರಂ ಕ್ಲಬ್ಬಿನಲ್ಲಿ ಅಮ್ಮನ ಚಪ್ಪಲಿಯ ಹಾಡು

ನೇರವಾಗಿ ಹೇಳಿಬಿಡುತ್ತೇನೆ, ನಮ್ಮ ಬ್ಯಾಂಡ್ ಅಷ್ಟೇನೂ ಚೆನ್ನಾಗಿರಲಿಲ್ಲ. ತೊಂಬತ್ತರ ದಶಕದ ವಡೋದರಾ. ಫತೇಗಂಜ್‌ನ ನೆಲಮಾಳಿಗೆಯೊಂದರಲ್ಲಿ ಕೇರಂ ಕ್ಲಬ್ ಇತ್ತು. ತಿಂಗಳಿಗೊಂದು ಶನಿವಾರ ಸಂಜೆ ಬೋರ್ಡುಗಳನ್ನು ಗೋಡೆಗೆ ಒರಗಿಸಿ, ನಮ್ಮಂಥ ಕಾಲೇಜು ಹುಡುಗರಿಗೆ ರಾಕ್ ನುಡಿಸಲು ಬಿಡುತ್ತಿದ್ದರು. ಗುಜರಾತು ನೋಡಿ, ಬಿಯರ್ ಇಲ್ಲ. ಮಸಾಲಾ ಸೋಡಾ ಕುಡಿದೇ ತಲೆ ಕುಣಿಸಬೇಕು. ನೆಲದ ತುಂಬ ಕೇರಂ ಪೌಡರ್.

ಆ ಸಲ ಮೊದಲ ಬಾರಿಗೆ ಅಪ್ಪನನ್ನು ಕರೆದಿದ್ದೆ. ಅಪ್ಪ ಬ್ಯಾಂಕಿನವರು, ಧಾರವಾಡದಿಂದ ವರ್ಗವಾಗಿ ಬಂದವರು. ಅಮ್ಮ ತೀರಿಹೋಗಿ ಒಂದೂವರೆ ವರ್ಷವಾಗಿತ್ತು. ಮಂಜಲ್‌ಪುರದ ಮನೆಯ ಬಾಗಿಲಲ್ಲಿ ಅವಳ ಚಪ್ಪಲಿ ಇನ್ನೂ ಹಾಗೇ ಇತ್ತು. ಅಪ್ಪ ತೆಗೆಯುತ್ತಿರಲಿಲ್ಲ, ನಾನು ಮುಟ್ಟುತ್ತಿರಲಿಲ್ಲ, ಇಬ್ಬರೂ ಅವಳ ಮಾತೆತ್ತುತ್ತಿರಲಿಲ್ಲ. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಹಾಡು ಮಾಡಿದ್ದೆ, ಕನ್ನಡದಲ್ಲಿ. ಅಲ್ಲಿ ಅದು ಅರ್ಥವಾಗುವವರು ಒಬ್ಬರೇ. ಅವರು ಆಫೀಸಿನ ಬ್ಯಾಗ್ ಹಿಡಿದು ಕಂಬದ ಪಕ್ಕ ನಿಂತಿದ್ದರು.

ನಮ್ಮ ಡ್ರಮ್ಮರ್ ಆ ಊರಿನವನೇ. ನವರಾತ್ರಿ ಮುಗಿದು ನಾಲ್ಕೇ ದಿನ. ಒಂಬತ್ತೂ ರಾತ್ರಿ ಮೈದಾನದಲ್ಲಿ ಗರ್ಬಾ ಕುಣಿತಕ್ಕೆ ಬಾರಿಸಿ ಬಂದಿದ್ದ. "ಈ ಹಾಡು ನಿಧಾನ, ಹುಷಾರು" ಎಂದು ಹತ್ತು ಸಲ ಹೇಳಿದ್ದೆ.

"ಅರೆ, ಚಿಂತಾ ಮತ್ ಕರ್ ಭಾಯ್!"

ಮೊದಲ ಚರಣ ಸರಿಯಾಗಿಯೇ ಹೋಯಿತು. ಅಪ್ಪ ತಲೆ ಎತ್ತಿದರು. ಅಮ್ಮನ ಚಪ್ಪಲಿಯ ಮಾತಿದ್ದ ಸಾಲಿಗೆ ಬರುವಷ್ಟರಲ್ಲಿ ಡ್ರಮ್ಮರ್‌ನ ಕೈ ತಪ್ಪಿತು, ತಾಳ ಗರ್ಬಾಗೆ ಹೊರಳಿತು. ಯಾರೋ ಚಪ್ಪಾಳೆ ಶುರುಮಾಡಿದರು. ಅಷ್ಟೇ! ಇಡೀ ಕೋಣೆ ವೃತ್ತ ಕಟ್ಟಿ, ಪೌಡರಿನ ಮೇಲೆ ಜಾರುತ್ತ ನಗುತ್ತ ಸುತ್ತತೊಡಗಿತು. "ಚಾಲೋ ಕಾಕಾ, ಆವೋ!" ಎಂದು ಹುಡುಗಿಯೊಬ್ಬಳು ಅಪ್ಪನ ಕೈ ಹಿಡಿದೆಳೆದಳು. ಅಪ್ಪ ಬ್ಯಾಗನ್ನು ಎದೆಗವಚಿಕೊಂಡು ಅರ್ಧ ಸುತ್ತು ಹೋದರು. ನಾನು ಹಾಡುತ್ತಲೇ ಇದ್ದೆ. ನಿಲ್ಲಿಸುವ ಧೈರ್ಯ ಬರಲಿಲ್ಲ. ಅವತ್ತಿನಷ್ಟು ಚಪ್ಪಾಳೆ ನಮಗೆ ಮತ್ತೆಂದೂ ಬೀಳಲಿಲ್ಲ.

"ಸಾರಿ ಯಾರ್, ಹಾಥ್ ಅಪ್ನೇ ಆಪ್ ಚಲಾ ಗಯಾ," ಎಂದ ಡ್ರಮ್ಮರ್. ಕೈ ತಾನಾಗಿಯೇ ಓಡಿತಂತೆ. ಅವನಿಗೆ ಬಯ್ಯಲೂ ಆಗಲಿಲ್ಲ.

ಹೊರಗೆ ಅಪ್ಪ ಸ್ಕೂಟರ್ ಓರೆ ಮಾಡಿ ಒದೆಯುತ್ತಿದ್ದರು.

"ಭಾಳ ಗದ್ಲ ಇತ್ತಲೇ. ಮಂದಿ ಛಲೋ ಕುಣದ್ರು."

"ಹಾಡು ಕೇಳಿಸ್ತೇನಪಾ?"

"ಮೊದ್ಲ ಒಂದೆರಡು ಮಾತು ಕೇಳಿಸ್ತು. ಆಮ್ಯಾಲೆ ಏನೂ ತಿಳೀಲಿಲ್ಲ. ಏನಿತ್ತು ಅದು?"

ಮಂಜಲ್‌ಪುರಕ್ಕೆ ದೂರವಿತ್ತು. ಹಿಂದಿನ ಸೀಟಿನಲ್ಲಿ ಕೂತು, ಅವರ ಕಿವಿಯ ಹತ್ತಿರ ನಾಲ್ಕು ಸಾಲು ಹೇಳಬಹುದಿತ್ತು. ಮುಖ ನೋಡುವ ಕಷ್ಟವೂ ಇರಲಿಲ್ಲ.

"ಏನಿಲ್ಲಪಾ. ಸುಮ್ನ ಒಂದು ಹಾಡು."

ಮನೆಗೆ ಬಂದು ಅಪ್ಪ ಬೂಟು ಬಿಚ್ಚಿ, ಎಂದಿನಂತೆ ಅಮ್ಮನ ಚಪ್ಪಲಿಯ ಪಕ್ಕ ಇಟ್ಟರು. ಬೂಟಿನ ಅಂಚಿಗೆಲ್ಲ ಬಿಳಿ ಪೌಡರ್ ಮೆತ್ತಿತ್ತು.

"ಅನ್ನಕ್ಕ ಇಡ್ಲೇನು?" ಎಂದರು.

ಹೂಂ ಎಂದೆ.