ಪಬ್ಬಿನಿಂದ ನಡೆದುಹೋಗಿ ತಂದ ಧಾರೆ ಸೀರೆ

ನಮ್ಮ ತುಮಕೂರಿನಲ್ಲಿ ದಾರಿ ಹೇಳುವುದಕ್ಕೆ ಬಾರು, ಪಬ್ಬು ಬಿಟ್ಟರೆ ಬೇರೆ ಗುರುತೇ ಇಲ್ಲ. ದೇವಸ್ಥಾನಕ್ಕೆ ಹೋಗುವವರಿಗೂ ಬಾರ್ ದಾಟಿ ಎಡಕ್ಕೆ ತಿರುಗಿ ಅನ್ನುತ್ತೇವೆ. ಮಗಳ ಮದುವೆಗೆ ಜವಳಿ ತೆಗೆಯುವ ದಿನ ನಾನೂ ಹಾಗೇ ಮಾಡಿದೆ. ಟೌನ್‌ಹಾಲ್ ಹತ್ತಿರದ ಪಬ್ ಮುಂದೆ ಇಳಿಯಿರಿ, ಎಲ್ಲ ಅಂಗಡಿಯೂ ಅಲ್ಲಿಂದ ನಡೆಯುವಷ್ಟೇ ದೂರ ಎಂದು ಬೆಂಗಳೂರಿನ ಬೀಗರಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಬರುವವರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ ಎನ್ನುವುದು ತಲೆಗೇ ಬರಲಿಲ್ಲ.

ತಾಯಿಯಿಲ್ಲದ ಮದುವೆ ಹುಡುಗನನ್ನು ಸಾಕಿ ಬೆಳೆಸಿದವರು ಆ ಅಜ್ಜಿ. ಧಾರೆ ಸೀರೆ ಗಂಡಿನ ಕಡೆಯವರದು, ಹಾಗಾಗಿ ಕೊನೆಯ ಮಾತು ಅವರದೇ. ಅವರ ಮಗ, ಅಂದರೆ ಹುಡುಗನ ಸೋದರಮಾವ, ಜವಳಿ ಬೆಂಗಳೂರಿನಲ್ಲೇ ಆಗಬೇಕು ಎಂದು ಕೂತಿದ್ದ. ಅಲ್ಲೊಂದು ಅಂಗಡಿಯಲ್ಲಿ ಆಗಲೇ ಸೀರೆಯನ್ನೂ ಎತ್ತಿಡಿಸಿದ್ದ. ತುಮಕೂರಿನಲ್ಲಿ ಏನಿದೆ, ತಟ್ಟೆ ಇಡ್ಲಿ ತಿನ್ನೋಕೆ ಕಾರು ನಿಲ್ಲಿಸುವ ಊರು ಅಂದಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನದ ಊಟದೊಳಗೆ ಇಲ್ಲಿ ಸೀರೆ ಸಿಗದಿದ್ದರೆ ತೆಪ್ಪಗೆ ನಿಮ್ಮ ಕಾರು ಹತ್ತುತ್ತೇವೆ ಎಂದು ಪಣ ಕಟ್ಟಿದೆ.

ಇದು ಬರೀ ಊರಿನ ಅಭಿಮಾನವಲ್ಲ. ನನ್ನ ಮದುವೆಯ ಜವಳಿಗೆ ಹಿರಿಯರೆಲ್ಲ ಬೆಂಗಳೂರಿಗೆ ಹೋದಾಗ ನನ್ನನ್ನು ತವರೂರು ಊರ್ಡಿಗೆರೆಯ ಮನೆಯಲ್ಲೇ ಬಿಟ್ಟು ಹೋಗಿದ್ದರು. ಗಂಟು ಬಿಚ್ಚಿದರೆ ನನಗೆ ಕಂಡರಾಗದ ಬದನೆಕಾಯಿ ಬಣ್ಣ. ಅದನ್ನೇ ಉಟ್ಟು ಧಾರೆಗೆ ನಿಂತೆ. ಮದುವೆ ಫೋಟೊದಲ್ಲಿ ಇವತ್ತಿಗೂ ಮುಖ ಊದಿಸಿಕೊಂಡೇ ಇದ್ದೇನೆ. ನನ್ನ ಮಗಳು ಸೀರೆಯನ್ನು ಮುಟ್ಟಿ ನೋಡಿ, ತನಗೆ ಬೇಕಾದ್ದನ್ನು ತಾನೇ ಆರಿಸಬೇಕು ಅನ್ನುವುದೊಂದೇ ನನ್ನ ಆಸೆ.

ಕಾರು ಬಂತು. ಸೋದರಮಾವ ನನ್ನ ಯಜಮಾನರ ಹೆಗಲ ಮೇಲೆ ಕೈ ಹಾಕಿ ನೇರ ಪಬ್ಬಿನ ಮೆಟ್ಟಿಲು ಹತ್ತಿದ. ಸುತ್ತಿ ಸುಸ್ತಾದಾಗ ಫೋನ್ ಮಾಡಿ ಎಂದು ನಕ್ಕ. ಅಜ್ಜಿ ಮಾತ್ರ ಕಾರಿನ ಗಾಜು ಏರಿಸಿಕೊಂಡು ಕೂತರು. ಹೆಂಡದಂಗಡಿ ಮುಂದೆ ಕಾಲಿಡುವುದಿಲ್ಲ, ನೋಡಿದವರು ಏನಂದುಕೊಂಡಾರು ಅಂದರು. ನಾನು ಹಣೆ ಚಚ್ಚಿಕೊಂಡೆ. ಕೊನೆಗೆ ಡ್ರೈವರ್ ಕಾರನ್ನು ಮುಂದಿನ ತಿರುವಿನವರೆಗೆ ಒಯ್ದ, ಅವರನ್ನು ಅಲ್ಲಿ ಇಳಿಸಿಕೊಂಡೆವು. ಪಣ ಅರ್ಧ ಸೋತ ಹಾಗೇ ಅನ್ನಿಸಿತು.

ಜವಳಿಗೆ ಮೊದಲು ಅರಿಶಿನ ಕುಂಕುಮ ಕೊಳ್ಳಬೇಕು. ನಮ್ಮೂರಿನದೇ ಚಿಕ್ಕಪೇಟೆಯಲ್ಲಿ ಪೂಜೆ ಸಾಮಾನಿನ ಗ್ರಂಧಿಗೆ ಅಂಗಡಿಯಲ್ಲಿ ಅಜ್ಜಿ ಅರಿಶಿನದ ಕೊಂಬು ಮುರಿದು ಮೂಸಿದರು. ತಮ್ಮ ಮನೆಗೂ ಕಾಲು ಕೆಜಿ ಕಟ್ಟಿಸಿದರು. ನನಗೆ ಸ್ವಲ್ಪ ಉಸಿರು ಬಂತು. ಪಕ್ಕದ ಸಂದಿಯಲ್ಲಿ ಬಾಸಿಂಗ ಕಟ್ಟುವ ಮುದುಕರು ಮಗಳ ಹಣೆಗೆ ದಾರ ಹಿಡಿದು ಅಳತೆ ತೆಗೆದುಕೊಂಡರು. ಬೆಂಗಳೂರಿನಲ್ಲಿ ಎಲ್ಲರ ಹಣೆಗೂ ಒಂದೇ ಬಾಸಿಂಗ ಎಂದು ಅಜ್ಜಿಯೇ ಮೂಗು ಮುರಿದರು. ಬಳೆ ಅಂಗಡಿ ಮುಗಿಸಿ ಹೊರಟಾಗ ಆಟೋ ಕರೆಯಲಾ ಎಂದು ಕೇಳಿದೆ. ಕುಣಿಗಲ್ ಕಡೆ ಹುಟ್ಟಿದ ಕಾಲು ಇವು, ನಿನಗೆ ನೋವಾದರೆ ನೀನು ಹತ್ತು ಎಂದು ನನ್ನನ್ನೇ ಗದರಿಕೊಂಡರು.

ನಮ್ಮೂರಿನ ಎಂ.ಜಿ. ರಸ್ತೆಯ ಸೀರೆ ಅಂಗಡಿಯಲ್ಲಿ ಹಾಸಿಗೆ ತುಂಬ ರೇಷ್ಮೆ ಬಿಚ್ಚಿಸಿದೆವು. ಕೆಂಪಂಚಿನ ಗಿಣಿ ಹಸಿರು ಸೀರೆಯ ಮೇಲೆ ಮಗಳ ಕೈ ನಿಂತುಬಿಟ್ಟಿತು. ಅಷ್ಟರಲ್ಲಿ ಸೋದರಮಾವ ಅವಳ ಫೋನಿಗೆ ಬೆಂಗಳೂರಿನ ಸೀರೆಯ ಫೋಟೊ ಕಳಿಸಿದ, ಹಿಂದೆಯೇ ಫೋನನ್ನೂ ಮಾಡಿದ. ಹೊತ್ತಾಯಿತು, ಇದೇ ಚೆನ್ನಾಗಿದೆ, ಹೊರಡೋಣ ಅಂದ. ಮಗಳು ಹಸಿರು ಸೀರೆಯಿಂದ ಕೈ ತೆಗೆದು, ಯಾವುದಾದರೂ ಪರವಾಗಿಲ್ಲ ಅಂದಳು. ಗಂಟು ಬಿಚ್ಚಿದ ದಿನ ಆ ಮಾತನ್ನು ನಾನೂ ಆಡಿದ್ದೆ. ತಡೆಯಲಾಗಲಿಲ್ಲ. ಸೇಲ್ಸ್‌ಮನ್ ಎದುರಿಗೇ ಅಜ್ಜಿಗೆ ನನ್ನ ಬದನೆಕಾಯಿ ಸೀರೆಯ ಕತೆಯನ್ನೆಲ್ಲ ಹೇಳಿಬಿಟ್ಟೆ, ಕಣ್ಣಲ್ಲಿ ನೀರೂ ಬಂತು.

ಅಜ್ಜಿ ಫೋನನ್ನು ಮಗುಚಿ ಇಟ್ಟರು. ಮಗಳ ಕೈ ಹಿಡಿದು ಮತ್ತೆ ಆ ಹಸಿರು ಸೀರೆಯ ಮೇಲೇ ಇಟ್ಟರು.

"ನನ್ ಮದ್ವೇಲೂ ಯಾರೂ ಕೇಳ್ಲಿಲ್ಲ ಕಣವ್ವ. ನೀನು ಇದ್ನೇ ಉಟ್ಕೊ."

ಗೆದ್ದೆ! ಅಂಗಡಿಯಲ್ಲೇ ಕುಣಿಯುವುದೊಂದು ಬಾಕಿ. ಊಟಕ್ಕೆ ಇನ್ನೂ ಹೊತ್ತಿತ್ತು. ಅಜ್ಜಿ ಅಮಾನಿಕೆರೆ ನೋಡಬೇಕು ಅಂದರು, ನಡೆದೇ ಹೋದೆವು. ಕೆರೆಯ ಗಾಳಿಗೆ ಕೂತು ಕಡ್ಲೆಕಾಯಿ ತಿಂದು, ಮತ್ತೆ ಟೌನ್‌ಹಾಲಿನ ಕಡೆ ಹೊರಟೆವು. ಕಾರನ್ನು ತಿರುವಿಗೇ ಕರೆಸುತ್ತೇನೆ ಅಂದೆ. ಅಜ್ಜಿ ಕೇಳಿಸಿಕೊಳ್ಳಲೇ ಇಲ್ಲ. ಸೀರೆಯ ಚೀಲ ಎದೆಗವುಚಿಕೊಂಡು ಸರಸರ ನಡೆದು, ಪಬ್ಬಿನ ಬಾಗಿಲಿಗೆ ಎದುರಾಗಿ ನಿಂತು, ಮಗನಿಗೆ ಫೋನ್ ಹಚ್ಚಿದರು.

"ಪಬ್ ಮುಂದೇನೇ ನಿಂತಿದೀನಿ ಕಣ್ಲಾ, ಕೆಳಗಿಳಿದು ಬಾ. ಜವಳಿ ಆಯ್ತು."

ಹೋಗಿಬರುವವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡು ಅಂದರು ಅಜ್ಜಿ. ಮಗಳು ಅಲ್ಲೇ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಸೆಲ್ಫಿ ತೆಗೆದಳು. ಹಿಂದೆ ಪಬ್ಬಿನ ಬೋರ್ಡು, ನಡುವೆ ಅಜ್ಜಿ, ಅವರ ಎದೆಯ ಮೇಲೆ ಸೀರೆಯ ಚೀಲ. ಆ ಫೋಟೊದಲ್ಲಿ ನನ್ನ ಮುಖ ಊದಿಲ್ಲ.