ಫ್ಲಾಪಿಗೆ ಹಚ್ಚಿದ ಕುಂಕುಮ

೨೦೦೧ರ ಮಾತು. ಆಗ ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತಾ ಪಿಎಚ್.ಡಿ. ಮಾಡುತ್ತಿದ್ದೆ. ಮನೆ ಇದ್ದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸ್. ಯಜಮಾನರು ಅಲ್ಲೇ ಫಿಟ್ಟರ್. ರಕ್ತನಾಳ ಕಿರಿದಾದಾಗ ಅದರೊಳಗೆ ರಕ್ತ ಹೇಗೆ ಹರಿಯುತ್ತದೆ ಎಂಬುದನ್ನು ಲೆಕ್ಕದಲ್ಲಿ ಹಿಡಿಯುವುದು ನನ್ನ ಸಂಶೋಧನೆ. ಕೇಳಿದವರೆಲ್ಲ, “ಲೆಕ್ಕದ ಟೀಚರಿಗೂ ರಕ್ತಕ್ಕೂ ಎಲ್ಲಿಯ ಸಂಬಂಧ?” ಎಂದು ನಗುತ್ತಿದ್ದರು. ನಮ್ಮ ಅತ್ತೆ ಮಾತ್ರ ಒಂದು ದಿನವೂ ಹಾಗೆ ಕೇಳಲಿಲ್ಲ. ನಾನು ಸ್ನಾನ ಮುಗಿಸುವಷ್ಟರಲ್ಲಿ ಡಬ್ಬಿ ಕಟ್ಟಿಟ್ಟು, “ನೀನು ಹೊರಡು ಮಾರಾಯ್ತಿ, ಒಲೆ ಎಲ್ಲೂ ಓಡಿಹೋಗಲ್ಲ” ಎಂದು ಬಸ್ಸಿಗೆ ಅಟ್ಟುತ್ತಿದ್ದರು.

ಆದರೆ ಸಂಶೋಧನೆ ಒಂದು ಕಡೆ ಬಂದು ಕಚ್ಚಿಕೊಂಡಿತ್ತು. ಸಮೀಕರಣಗಳೇನೋ ಸಿದ್ಧವಾಗಿದ್ದವು. ಅವು ಸರಿಯೋ ತಪ್ಪೋ ನೋಡಲು ನಿಜವಾದ ರೋಗಿಗಳ ರೀಡಿಂಗ್ ಬೇಕಿತ್ತು, ಹೆಸರು ಬೇಡ, ಬರೀ ಅಂಕಿಗಳು. ಶಿವಮೊಗ್ಗದ ಹೃದ್ರೋಗ ತಜ್ಞರೊಬ್ಬರ ಬಳಿ ಅವು ಇದ್ದವು. ನಮ್ಮ ಗೈಡ್ ಕೇಳಿದ್ದಕ್ಕೆ ಅವರು, “ಲೆಕ್ಕದವರಿಗೆ ಅದನ್ನು ಕೊಟ್ಟು ಏನು ಪ್ರಯೋಜನ?” ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದರು.

ಅಷ್ಟರಲ್ಲಿ ನಮ್ಮ ಕಾಲೇಜಿನಲ್ಲಿ ಪಾಠಕ್ಕೆ ಕಂಪ್ಯೂಟರ್ ಬಳಸುವ ಬಗ್ಗೆ ಒಂದು ಸೆಮಿನಾರ್ ಏರ್ಪಟ್ಟಿತು. ಆ ಡಾಕ್ಟರೂ ಅತಿಥಿಯಾಗಿ ಬರುತ್ತಾರೆಂದು ಗೊತ್ತಾಯಿತು. ರಕ್ತ ಹರಿಯುವುದನ್ನು ತೋರಿಸುವ ಪುಟ್ಟ ಚಲಿಸುವ ಚಿತ್ರವೊಂದನ್ನು ವಿದ್ಯಾರ್ಥಿಗಳಿಗಾಗಿ ನಾನು ಮಾಡಿದ್ದೆ. ಭದ್ರಾವತಿಯ ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಕೂತು ಬೆನ್ನು ಬಿದ್ದುಹೋಗಿತ್ತು. “ಅದನ್ನು ಅವರಿಗೆ ತೋರಿಸಮ್ಮ. ಅವರು ಒಪ್ಪದಿದ್ದರೆ ನಿನ್ನ ಥೀಸಿಸ್ ಇಲ್ಲಿಗೇ ನಿಂತಹಾಗೆ” ಎಂದರು ಗೈಡ್.

ಸೆಮಿನಾರಿನ ದಿನ ಬೆಳಿಗ್ಗೆ ನೋಡಿದರೆ, ಆ ಚಿತ್ರವನ್ನು ತುಂಬಿಸಿಟ್ಟಿದ್ದ ಫ್ಲಾಪಿ ಮೇಜಿನ ಮೇಲಿರಲಿಲ್ಲ. ಹುಡುಕಿದರೆ ದೇವರ ಗೂಡಿನಲ್ಲಿ, ಒಂದು ದಾಸವಾಳದ ಕೆಳಗೆ ಕೂತಿದೆ!

“ಏನತ್ತೆ ಇದು?”

“ಆಯುಧ ಪೂಜೇಲಿ ನಿನ್ನ ಗಂಡನ ಸ್ಪ್ಯಾನರಿಗೆ ಕುಂಕುಮ ಹಚ್ಚಲ್ವೇನೇ? ಇದು ನಿನ್ನ ಆಯುಧ. ತಗೊಂಡು ಹೋಗು, ಒಳ್ಳೇದಾಗುತ್ತೆ.”

ಮೇಲೆ ಎಲ್ಲೂ ಕುಂಕುಮ ಕಾಣಲಿಲ್ಲ. ಹೂವು ತೆಗೆದು, ಅತ್ತೆಗೆ ನಮಸ್ಕಾರ ಮಾಡಿ, ಫ್ಲಾಪಿಯನ್ನು ಬ್ಯಾಗಿಗೆ ಹಾಕಿಕೊಂಡು ಓಡಿದೆ.

ನನ್ನ ಸರದಿ ಬಂತು. ಡಾಕ್ಟರು ಮುಂದಿನ ಸಾಲಿನಲ್ಲೇ ಕೈಕಟ್ಟಿ ಕೂತಿದ್ದರು. ಫ್ಲಾಪಿ ಹಾಕಿದೆ. ಕಂಪ್ಯೂಟರ್ ಕರಕರ ಎಂದಿತು, ಓದಲಿಲ್ಲ. ತೆಗೆದು ಮತ್ತೆ ಹಾಕಿದೆ, ಅದೇ ಕರಕರ. ತೆಗೆದು ಅದರ ತಗಡಿನ ಮುಚ್ಚಳ ಸರಿಸಿ ನೋಡಿದರೆ, ಅಯ್ಯೋ ದೇವರೇ, ಒಳಗಿನ ಕಪ್ಪು ಹಾಳೆಯ ಮೇಲೆ ಕೆಂಪಗೆ ಒಂದು ಬೊಟ್ಟು! ನೀರಲ್ಲಿ ಕಲಸಿ, ನೀಟಾಗಿ, ಒಳಗೇ ಇಟ್ಟಿದ್ದಾರೆ ಪುಣ್ಯಾತ್ಗಿತ್ತಿ. ಇನ್ನೊಂದು ಪ್ರತಿ ಇದ್ದದ್ದು ಭದ್ರಾವತಿಯ ಸೆಂಟರಿನಲ್ಲಿ.

“ಏನಾಯ್ತು ಮೇಡಂ?” ಎಂದರು ಡಾಕ್ಟರು.

ಸುಳ್ಳು ಹೇಳಲೂ ತೋಚಲಿಲ್ಲ. “ನಮ್ಮತ್ತೆ ಪೂಜೆ ಮಾಡಿದ್ದಾರೆ ಸರ್” ಎಂದುಬಿಟ್ಟೆ.

ಇಡೀ ಹಾಲ್ ಗೊಳ್ಳೆಂದಿತು. ನನ್ನ ಕಣ್ಣು ತುಂಬಿಬಂತು. ಡಾಕ್ಟರೂ ನಕ್ಕರು, ಆದರೆ ನಗುತ್ತಲೇ, “ನಮ್ಮ ಇಸಿಜಿ ಮಷಿನ್ನಿಗೂ ವರ್ಷಾ ವರ್ಷಾ ಸಿಸ್ಟರ್‌ಗಳು ಹಚ್ಚೇ ಹಚ್ತಾರೆ. ಹೋಗ್ಲಿ ಬಿಡಿ, ಬೋರ್ಡ್ ಇದೆಯಲ್ಲ? ಬರೀರಿ, ನೋಡೋಣ” ಎಂದರು.

ಆ ಒಂದು ಮಾತು ನನ್ನನ್ನು ಉಳಿಸಿತು. ಸೀಮೆಸುಣ್ಣ ಹಿಡಿದೆ. ನಾಳ ಬರೆದೆ, ಅದರೊಳಗೆ ರಕ್ತದ ಗೆರೆಗಳನ್ನು ಬರೆದೆ. ಕಂಪ್ಯೂಟರ್ ತಾನೇ ತೋರಿಸಬೇಕಿದ್ದದ್ದನ್ನು ನಾನು ಅಂಗೈಯಿಂದ ಅಳಿಸಿ ಅಳಿಸಿ, ಮತ್ತೆ ಮತ್ತೆ ಬರೆದು ತೋರಿಸಿದೆ. ಕಿರಿದಾದ ಜಾಗದಲ್ಲಿ ರಕ್ತ ಹೇಗೆ ನುಗ್ಗುತ್ತದೆ, ದಾಟಿದ ಮೇಲೆ ಹೇಗೆ ಸುಳಿ ತಿರುಗುತ್ತದೆ ಎಂದು ಹೇಳುತ್ತಾ ಹೋದಂತೆ ಇಂಗ್ಲಿಷು ಯಾವಾಗ ಬಿಟ್ಟುಹೋಯಿತೋ, ಕನ್ನಡ ಯಾವಾಗ ಬಂತೋ ತಿಳಿಯಲಿಲ್ಲ. ಸೀರೆಯ ತುಂಬಾ ಸುಣ್ಣ.

“ಎಷ್ಟು ಕಿರಿದಾದ್ರೆ ಅಪಾಯ ಅಂತ ನಿಮ್ಮ ಲೆಕ್ಕ ಹೇಳುತ್ತಾ?” ಡಾಕ್ಟರು ಕೇಳಿದರು.

“ಈಗ ಹೇಳಲ್ಲ ಸರ್. ನಿಮ್ಮ ರೀಡಿಂಗ್ ಇಟ್ಟು ನೋಡದೆ ಹೇಳಿದ್ರೆ ಅದು ಬರೀ ಬೊಗಳೆ.”

ಅವರು ಎದ್ದು ಬೋರ್ಡಿನ ಹತ್ತಿರ ಬಂದು, ನಾನು ಬರೆದ ಸುಳಿಯ ಮೇಲೆ ಬೆರಳಾಡಿಸಿದರು. ಆಮೇಲೆ, “ಸೋಮವಾರ ಆಸ್ಪತ್ರೆಗೆ ಬನ್ನಿ” ಎಂದರು.

ಸಂಜೆ ಬಂದರೆ ಅತ್ತೆ ಗೇಟಿನಲ್ಲೇ ನಿಂತಿದ್ದರು. “ಹೆಂಗಾಯ್ತೇ?”

“ಡಾಕ್ಟರು ಒಪ್ಪಿದ್ರು ಅತ್ತೆ. ಎಲ್ಲಾ ನಿಮ್ಮ ಪೂಜೆ ಫಲ.” ಅವರ ಮುಖ ಅರಳಿತು. ನಡೆದದ್ದನ್ನು ಯಜಮಾನರಿಗೆ ಮಾತ್ರ ಹೇಳಿ, ಅತ್ತೆಯ ಕಿವಿಗೆ ಬೀಳಕೂಡದೆಂದು ಆಣೆ ಹಾಕಿಸಿಕೊಂಡೆ. ಪ್ರೀತಿಯಿಂದ ಇಟ್ಟ ಬೊಟ್ಟಿಗೆ ತಪ್ಪು ಹೊರಿಸಲು ನನಗೆ ಮನಸ್ಸು ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಪಿಎಚ್.ಡಿ.ಯ ಕೊನೆಯ ಪರೀಕ್ಷೆ, ವೈವಾ ದಿನ ಬಂತು. ಈಗ ಫ್ಲಾಪಿ ಹೋಗಿ ಸಿ.ಡಿ. ಬಂದಿತ್ತು. ನಾನು ಜಾಣೆ, ಒಂದು ಪ್ರತಿಯನ್ನು ಬ್ಯಾಗಿನಲ್ಲಿ ಅಡಗಿಸಿಟ್ಟುಕೊಂಡು, ಇನ್ನೊಂದನ್ನು ನಾನೇ ದೇವರ ಮುಂದಿಟ್ಟು, “ಅತ್ತೆ, ಪೂಜೆ ಮಾಡಿಕೊಡಿ” ಎಂದೆ.

ಅತ್ತೆ ಕುಂಕುಮದ ಭರಣಿ ಹಿಡಿದು ಬಂದರು. ಸಿ.ಡಿ.ಯ ಹತ್ತಿರ ಕೈ ಒಯ್ಯಲೇ ಇಲ್ಲ. ನನ್ನ ಗಲ್ಲ ಹಿಡಿದೆತ್ತಿ, ಹಣೆಗೆ ಉದ್ದಕ್ಕೆ ಇಟ್ಟರು.

“ಅದಕ್ಕೆ ಬೇಡ ಕಣೇ. ನಿಂಗೆ ಹಚ್ಚಿದ್ರೆ ಸಾಕು, ನೀನು ಕೆಡಲ್ಲ.”

“ಫ್ಲಾಪಿ ಕೆಟ್ಟದ್ದು ನಿಮಗೆ ಗೊತ್ತಿತ್ತಾ ಅತ್ತೆ?”

“ನಿನ್ನ ಗಂಡನ ಹೊಟ್ಟೇಲಿ ಮಾತು ನಿಲ್ಲುತ್ತಾ? ಮಾರನೇ ದಿನವೇ ಹೇಳ್ದ. ಸೊಸೆ ನನ್ನ ನೋಯಿಸಬಾರ್ದು ಅಂತ ನುಂಗ್ಕೊಂಡಿದ್ದಾಳೆ, ನಾನ್ಯಾಕೆ ಅವಳ ಮನಸ್ಸು ಮುರೀಲಿ ಅಂತ ಸುಮ್ನಿದ್ದೆ. ಹೋಗು, ಬಸ್ ತಪ್ಪುತ್ತೆ.”

ಅಳುತ್ತಾ, ನಗುತ್ತಾ ಬಸ್ಸು ಹತ್ತಿದೆ. ಅತ್ತೆ ಈಗಿಲ್ಲ. ಇವತ್ತಿಗೂ ಹೊಸ ತರಗತಿಗೆ ಹೋಗುವ ಮುಂಚೆ, ಯಾರೋ ಗಲ್ಲ ಹಿಡಿದೆತ್ತಿದಂತಾಗಿ ಒಂದು ಕ್ಷಣ ಬಾಗಿಲಲ್ಲೇ ನಿಲ್ಲುತ್ತೇನೆ. ಆಮೇಲೆ ಒಳಗೆ ಹೋಗಿ ಸೀಮೆಸುಣ್ಣ ಹಿಡಿಯುತ್ತೇನೆ.