ಮಣ್ಣಿನ ಬಾಂಬಿನ ಒಳಗನ್ನು ಕಂಡ ಫಿಡೆಲಿಸ್

ಸೂರ್ಯ ಇನ್ನೂ ಮೂಡಿಲ್ಲ. ದೋಹಾದ ಹೊರವಲಯದ ಪೈಪ್ ಯಾರ್ಡಿನಲ್ಲಿ ಫಿಡೆಲಿಸ್ ಸುತ್ತಲೂ ಹಗ್ಗ ಕಟ್ಟಿ, ಕೆಂಪು ದೀಪ ಹಚ್ಚಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ದೂರದಿಂದ ಹಿಡಿಕೆ ತಿರುಗಿಸುತ್ತಾರೆ. ಭಾರದ ಪೆಟ್ಟಿಗೆಯೊಳಗಿನ ವಿಕಿರಣದ ಗುಳಿಗೆ ಕೊಳವೆಯೊಳಗೆ ಹರಿದು ಪೈಪಿನ ಬಳಿ ಹೋಗಿ ನಿಲ್ಲುತ್ತದೆ. ಬೆಸುಗೆಯ ಹಿಂದೆ ಕಟ್ಟಿದ ಫಿಲ್ಮಿನ ಮೇಲೆ ಒಳಗಿನ ಬಿರುಕು, ಗುಳ್ಳೆ ಎಲ್ಲ ಮೂಡುತ್ತವೆ. ಉಳಿದ ಕೆಲಸಗಾರರು ಬರುವ ಮೊದಲೇ ಇದು ಮುಗಿಯಬೇಕು.

ಗ್ಯಾಸ್ ಪೈಪುಗಳ ಎಕ್ಸ್‌ರೇ ತೆಗೆಯುವ ಈ ಕೆಲಸ ಹಿಡಿದು ಉಡುಪಿ ಬಳಿಯ ಶಿರ್ವದ ಫಿಡೆಲಿಸ್‌ಗೆ ಹನ್ನೊಂದು ವರ್ಷ. ದಿನಕ್ಕೆ ನಲವತ್ತು ಜಾಯಿಂಟಾದರೂ ಆಗಬೇಕು. ಸೆಕೆಗೆ ಫಿಲ್ಮ್ ಹಾಳಾಗದಂತೆ ಐಸ್ ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಾರೆ. "ಫಿಲ್ಮಿಗೆ ಐಸು, ನಮಗೆ ಕುಡೀಲಿಕ್ಕೆ ಬಿಸಿನೀರು" ಎಂದು ನಗುತ್ತಾರೆ.

ಕಳೆದ ತಿಂಗಳು ಮಾತ್ರ ಅವರ ಮುಂದೆ ಬಂದದ್ದು ಪೈಪಲ್ಲ. ದೋಹಾದ ಅಲ್ ಸದ್ದ್ ಬಡಾವಣೆಯ ಶ್ರೀಮಂತರೊಬ್ಬರ ಪ್ರಾಚೀನ ವಸ್ತುಗಳನ್ನು ನೋಡಿಕೊಳ್ಳುವ ಮೈಸೂರಿನ ಪ್ರಾರ್ಥನಾ, ತೆಂಗಿನಕಾಯಿ ಗಾತ್ರದ ಮಣ್ಣಿನ ಗುಂಡೊಂದನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದರು. ಏಳುನೂರು ವರ್ಷಗಳ ಹಿಂದೆ ಚೀನಾದ ಯುದ್ಧಗಳಲ್ಲಿ ಇಂಥದ್ದರಲ್ಲಿ ಸಿಡಿಮದ್ದು, ಕಬ್ಬಿಣದ ಚೂರು ತುಂಬಿ, ಬತ್ತಿ ಹಚ್ಚಿ ಶತ್ರುಗಳ ಮೇಲೆ ಎಸೆಯುತ್ತಿದ್ದರಂತೆ. ಒಳಗೆ ಇನ್ನೂ ಮದ್ದಿದ್ದರೆ ಮರುಭೂಮಿಗೆ ಒಯ್ದು ಒಡೆದುಬಿಡುವುದೇ ಸರಿ ಎಂದು ಪೊಲೀಸರು ಹೇಳಿದ್ದರು. ಅಲ್ಲಾಡಿಸಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

"ಇದು ಸಿಡಿಯತ್ತಾ ಫಿಡೆಲಿಸ್ ಅವ್ರೇ?" ಎಂದರು ಪ್ರಾರ್ಥನಾ.

"ಕಿರಣಕ್ಕೆ ಎಂತ ಆಗುದಿಲ್ಲ ಮೇಡಂ. ಕೈ ಜಾರಿದ್ರೆ ಕಷ್ಟ. ನೀವು ಹಗ್ಗದಿಂದ ಆಚೆ ನಿಲ್ಲಿ."

ಗುಂಡನ್ನು ಫಿಡೆಲಿಸ್ ತಾವೇ ಎತ್ತಿ ಮರಳಿನ ಚೀಲದ ಮೇಲೆ ಇಟ್ಟರು. ಬಿನ್ ಮಹಮೂದ್ ಬಡಾವಣೆಯ ತಮ್ಮ ಮನೆಯಲ್ಲಿ ಹೆಂಡತಿ ಪರ್ಪೆಚುವಾಗೆ ಈ ವಿಷಯ ಹೇಳಿರಲಿಲ್ಲ. "ಹೇಳಿದ್ರೆ ಬಿಡ್ತಿರ್ಲಿಲ್ಲ. ಇಡುವಾಗ ಅವಳ ಮುಖವೇ ಕಣ್ಣೆದುರು ಬಂತು" ಎನ್ನುತ್ತಾರೆ.

ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯ ಹೊರಗೆ ಪ್ರಾರ್ಥನಾ ಉಗುರು ಕಚ್ಚುತ್ತಾ ಕಾದರು. ಫಿಡೆಲಿಸ್ ನೀರು ತೊಟ್ಟಿಕ್ಕುವ ಫಿಲ್ಮ್ ಹಿಡಿದು ಬಂದು ಬೆಳಕಿಗೆ ಎತ್ತಿದರು. ತಳದಲ್ಲಿ ಕಬ್ಬಿಣದ ಚೂರುಗಳು ಬೆಳ್ಳಗೆ ರಾಶಿ ಬಿದ್ದಿದ್ದವು. ಅವುಗಳ ಮೇಲೆಲ್ಲ ಬರೀ ಕಪ್ಪು, ಖಾಲಿ ಜಾಗ. ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಮದ್ದೆಲ್ಲ ಎಂದೋ ನೀರಿಗೆ ಕರಗಿ ಅದರಿಂದ ಸೋರಿಹೋಗಿತ್ತು.

"ಖಲಾಸ್ ಮೇಡಂ. ಒಳಗೆ ಮಾಫಿ, ಮದ್ದು ಎಂತದೂ ಇಲ್ಲ" ಎಂದು ಅವರು ಮರಳಿನ ಚೀಲದ ಬಳಿ ಹೋಗಿ ಗುಂಡನ್ನು ಎತ್ತಿ, ಕಿವಿಯ ಬಳಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಚೂರುಗಳು ಗಿಲಕಿಯಂತೆ ಸದ್ದು ಮಾಡಿದವು. ಪ್ರಾರ್ಥನಾ ಅಲ್ಲೇ ನೆಲದ ಮೇಲೆ ಕುಳಿತು ನಗತೊಡಗಿದರು. ನಕ್ಕು ನಕ್ಕು ಅವರ ಕಣ್ಣು ಒದ್ದೆಯಾಯಿತು.

ಈಗ ಗುಂಡು ಆ ಶ್ರೀಮಂತರ ಸಂಗ್ರಹದ ಗಾಜಿನ ಕಪಾಟಿನಲ್ಲಿದೆ, ಪಕ್ಕದಲ್ಲೇ ಆ ಫಿಲ್ಮು. ಮುಂದಿನ ಶುಕ್ರವಾರ ಪರ್ಪೆಚುವಾರನ್ನು ಕರೆದೊಯ್ದು ತೋರಿಸಬೇಕೆಂಬುದೊಂದೇ ಫಿಡೆಲಿಸ್ ಆಸೆ. ಆಕೆ ಬೈಯುತ್ತಾರೆಂಬುದೂ ಅವರಿಗೆ ಗೊತ್ತು.

"ಬೈಲಿ. ಜನರನ್ನು ಕೊಲ್ಲಲಿಕ್ಕೆ ಮಾಡಿದ್ದದು. ಯಾರ ಮೇಲೂ ಒಡೀಲಿಲ್ಲ ಅಂತ ಅವಳಿಗೂ ಒಮ್ಮೆ ತೋರಿಸ್ಬೇಕು."